ಜುಟ್ಟಣ್ಣನ ಕೊಕ್ಕು

ಮಾರ್ಚ್ 3, ಸೋಮವಾರ

ದಿನಾ ಬೆಳಗ್ಗೆ ಹಕ್ಕಿಯ ತೂಕ ಬರೆದಿಡಿ ಎಂದರು ಡಾಕ್ಟರಮ್ಮ. ತೂಕ ಬರೆಯಲು ಅರ್ಧ ಗೆರೆ ಸಾಕು. ಆದರೆ ಡೈರಿಯ ಪುಟ ದೊಡ್ಡದಿದೆ, ನನ್ನ ಸಂಕಟ ಅದಕ್ಕಿಂತ ದೊಡ್ಡದಿದೆ. ಅದನ್ನೂ ಇಲ್ಲೇ ಸುರಿದುಬಿಡುತ್ತೇನೆ. ಓದುವವರು ಯಾರೂ ಇಲ್ಲ. ನಮ್ಮ ಯಜಮಾನರು, ಇವರು, ಯಾವುದೋ ಸಮುದ್ರದ ನಡುವೆ ಹಡಗಿನ ಎಂಜಿನ್ ಕೋಣೆಯಲ್ಲಿದ್ದಾರೆ, ಮನೆಗೆ ಬರುವುದು ಏಪ್ರಿಲ್ ಕೊನೆಗೆ. ಹಕ್ಕಿಗೆ ಓದಲು ಬರುವುದಿಲ್ಲ.

ನಡೆದದ್ದು ನಿನ್ನೆ. ಡ್ರೈವಿಂಗ್ ಸ್ಕೂಲಿನ ಓನರ್ ನಮಗೆಲ್ಲ ಹೊಸ ಜಾಕೆಟ್ ಹಂಚಿದ್ದರು. ಕಣ್ಣು ಕುಕ್ಕುವ ಕಿತ್ತಳೆ ಬಣ್ಣ, ಬೆನ್ನ ಮೇಲೆ ‘ತರಬೇತುದಾರರು’ ಎಂದು ದಪ್ಪ ಅಕ್ಷರ. ಇಷ್ಟು ವರ್ಷ ಗಂಟಲು ಹರಿದುಕೊಂಡದ್ದಕ್ಕೆ ಈಗಲಾದರೂ ಒಂದು ಮರ್ಯಾದೆ ಬಂತಲ್ಲ ಎಂದು ಅದನ್ನು ಹಾಕಿಕೊಂಡೇ ಮನೆಗೆ ಬಂದೆ. ಕಾಲಿನಿಂದ ಬಾಗಿಲು ದೂಡಿ, “ಏಯ್ ಜುಟ್ಟಣ್ಣ, ನೋಡೋ ಇಲ್ಲಿ” ಎಂದೆ. ಎಂದೆ ಅಂದರೆ ನನ್ನ ಮಾಮೂಲಿ ದನಿಯಲ್ಲಿ. ಲಾರಿಗಳ ಹಾರ್ನಿನ ನಡುವೆ ಪಾಠ ಹೇಳಿ ಪಳಗಿದ ದನಿ ಅದು, ಬೀದಿಯ ಆ ತುದಿಗೂ ಕೇಳುತ್ತದೆ.

ಜುಟ್ಟಣ್ಣ ಪರದೆಯ ಕೋಲಿನ ಮೇಲೆ ಕೂತಿದ್ದ. ಇವರ ಪ್ರಾಣ ಅವನು. ಕಾಕಟೀಲ್ ಹಕ್ಕಿ, ಬೂದು ಮೈ, ಹಳದಿ ತಲೆ, ಕೆನ್ನೆಗೊಂದು ಕಿತ್ತಳೆ ಬೊಟ್ಟು, ಮೇಲೊಂದು ಜುಟ್ಟು. ಗಾಳಿಗೆ ಕಾಗದ ಅಲುಗಿದರೂ ಬೆದರುವ ಪುಕ್ಕಲ. ನನ್ನ ಜಾಕೆಟ್ಟಿನದು ತನ್ನ ಕೆನ್ನೆಯದೇ ಬಣ್ಣ ಎಂದು ಅವನಿಗೆ ಯಾರು ಹೇಳಬೇಕು? ಬೆಂಕಿ ಕಂಡವನಂತೆ ಹಾರಿದ. ಪಾಠದ ಕಾರಿನಲ್ಲಿ ನನ್ನ ಕಾಲಡಿಯೂ ಒಂದು ಬ್ರೇಕ್ ಇದೆ. ಎದುರಿಗೆ ಏನು ನುಗ್ಗಿದರೂ ನನ್ನ ಬಲಗಾಲು ತಾನಾಗಿ ಒತ್ತುತ್ತದೆ. ನಿನ್ನೆಯೂ ಒತ್ತಿತು, ನಮ್ಮ ನಡುಮನೆಯ ನೆಲವನ್ನು. ಧಡ್ ಎಂದು. ಆ ಸದ್ದಿಗೆ ಅವನು ಇನ್ನಷ್ಟು ಬೆದರಿ ಕಿಟಕಿಯ ಕಬ್ಬಿಣದ ಚೌಕಟ್ಟಿಗೆ ಮುಖ ಕೊಟ್ಟು ಕೆಳಗೆ ಬಿದ್ದ.

ಮೇಲಿನ ಕೊಕ್ಕಿನ ತುದಿ ಮುರಿದಿತ್ತು. ರಕ್ತ. ಹಕ್ಕಿ ಇಷ್ಟು ಚಿಕ್ಕದು, ಅದರೊಳಗೆ ಎಷ್ಟು ರಕ್ತ ಇದ್ದೀತು? ಪ್ರಾಣಿಗಳ ಆಸ್ಪತ್ರೆಗೆ ಫೋನು ಮಾಡಿದೆ, ಕಾರ್ನ್‌ಫ್ಲೋರ್ ಒತ್ತಿ ಹಿಡಿದು ಕರೆತನ್ನಿ ಎಂದರು, ಹಾಗೆಯೇ ಕರೆದೊಯ್ದೆ.

ಡಾಕ್ಟರಮ್ಮ ಚೂಪಾಗಿ ಉಳಿದ ಅಂಚನ್ನು ಉಜ್ಜಿ ನಯ ಮಾಡಿದರು. “ಬುಡಕ್ಕೆ ಏಟು ಬಿದ್ದಿಲ್ಲ. ತುದಿ ಮತ್ತೆ ಬೆಳೆಯುತ್ತೆ, ಉಗುರು ಬೆಳೆದ ಹಾಗೆ” ಎಂದರು. “ಆದ್ರೆ ಅಲ್ಲೀವರೆಗೂ ಇವನು ಹೊಟ್ಟೆಗೆ ತಿನ್ಬೇಕಲ್ಲ. ಕಾಳು ಒಡೆಯೋಕೆ ಆಗಲ್ಲ, ಗಂಜಿ ಕೊಡಿ. ಈಗ ಎಂಬತ್ತೆಂಟು ಗ್ರಾಂ ಇದ್ದಾನೆ. ಎಂಬತ್ತರ ಕೆಳಗೆ ಹೋದ್ರೆ ನಳಿಕೆ ಹಾಕಿ ತಿನ್ನಿಸಬೇಕಾಗುತ್ತೆ. ನಿಜ ಹೇಳ್ಲಾ? ಇಷ್ಟು ಹೆದರೋ ಹಕ್ಕಿನ ದಿನಕ್ಕೆ ನಾಲ್ಕು ಸಲ ಹಿಡಿದು ನಳಿಕೆ ಹಾಕಿದ್ರೆ, ಗಾಯಕ್ಕಿಂತ ಮೊದಲು ಭಯಕ್ಕೇ ಹೋಗ್ಬಿಡ್ತಾನೆ.”

ಅಂದರೆ ಅವನು ತಾನಾಗಿ ತಿನ್ನಬೇಕು. ಕೊಡುವವಳು ನಾನು. ಈ ಮನೆಯಲ್ಲಿ ಅವನು ಎಲ್ಲಕ್ಕಿಂತ ಹೆಚ್ಚು ಹೆದರುವುದು ನನಗೆ.

ಮಾರ್ಚ್ 4, ಮಂಗಳವಾರ

ಎಂಬತ್ತಾರು.

ಗಂಜಿ ಎಂದರೆ ಡಾಕ್ಟರಮ್ಮ ಕೊಟ್ಟ ಪುಡಿಯನ್ನು ಬಿಸಿನೀರಿನಲ್ಲಿ ಕಲಸುವುದು. ಚಮಚೆ ಹತ್ತಿರ ತಂದರೆ ಪಂಜರದ ಮೂಲೆಗೆ ಅಂಟಿಕೊಂಡು ಬುಸುಗುಡುತ್ತಾನೆ. ನೋವಿನ ಔಷಧಿ ಹಾಕಲು ಟವೆಲಿನಲ್ಲಿ ಸುತ್ತಿದರೆ ಕೊಲೆಯಾಗುತ್ತಿರುವಂತೆ ಕಿರುಚುತ್ತಾನೆ. “ತಿನ್ನೋ, ತಿಂದು ಸಾಯೋ” ಎಂದು ನಾನೂ ಕಿರುಚಿದೆ. ಇಬ್ಬರೂ ಸುಸ್ತಾದೆವು.

ಅವನಿಗೆ ಬರುವ ಮಾತು ಒಂದೇ, “ಬ್ರೇಕ್!” ನಾನು ಫೋನಿನಲ್ಲಿ ಶಿಷ್ಯರನ್ನು ಬೈಯುವುದನ್ನು ಕೇಳಿ ಕಲಿತದ್ದು, ನನ್ನದೇ ಒಡಕು ದನಿಯಲ್ಲಿ. ಬಂದವರೆಲ್ಲ ಅದಕ್ಕೆ ಬಿದ್ದು ಬಿದ್ದು ನಗುತ್ತಿದ್ದರು. ಎರಡು ದಿನದಿಂದ ಅದೂ ಇಲ್ಲ, ಇವರು ಕಲಿಸಿದ ಸಿಳ್ಳೆಯೂ ಇಲ್ಲ.

ಮಧ್ಯಾಹ್ನ ಲೈಬ್ರರಿಯಮ್ಮನ ಪಾಠ. ಎರಡು ಸಲ ಫೇಲಾದ ಶಿಷ್ಯೆ. ಊರಿನ ಗ್ರಂಥಾಲಯದವಳು, ಪಿಸುಮಾತು ಬಿಟ್ಟರೆ ಬೇರೆ ದನಿಯೇ ಇಲ್ಲ. ಅವರ ಸಂಚಾರಿ ಗ್ರಂಥಾಲಯದ ವ್ಯಾನು, ಅದರ ಡ್ರೈವರ್ ನಿವೃತ್ತನಾದ ಮೇಲೆ, ಹಿತ್ತಿಲಲ್ಲಿ ಧೂಳು ತಿನ್ನುತ್ತಿದೆ. ಈಕೆ ಏಪ್ರಿಲಿನಲ್ಲಿ ಪಾಸಾದರೆ ಈಕೆಯೇ ಓಡಿಸಬಹುದು, ಇಲ್ಲದಿದ್ದರೆ ವ್ಯಾನು ಬೇರೆ ಶಾಖೆಗೆ ಹೋಗುತ್ತದೆ. ಕಾರಿನ ಒಳಗೆ ಕೂತರೆ ಸಾಕು, ಆಕೆಯ ಕೈ ಬೆವರುತ್ತದೆ. ಇವತ್ತು ದೊಡ್ಡ ವೃತ್ತದ ನಡುವೆ ಗಾಡಿ ನಿಲ್ಲಿಸಿ ಕಣ್ಣು ಮುಚ್ಚಿಕೊಂಡಳು.

“ಕಣ್ಣು ಮುಚ್ಚಿದ್ರೆ ಲಾರಿ ಮಾಯ ಆಗ್ಬಿಡುತ್ತಾ?” ಎಂದು ಅರಚಿದೆ. ಬ್ರೇಕೂ ನಾನೇ ಒತ್ತಿದೆ, ಗೇರೂ ನಾನೇ ಹಾಕಿದೆ.

“ನೀವು ಒತ್ತಿದಾಗ ನಾನು ಏನೋ ತಪ್ಪು ಮಾಡಿದೆ ಅಂತ ಗೊತ್ತಾಗುತ್ತೆ” ಎಂದು ಪಿಸುಗುಟ್ಟಿದಳು. “ಏನು ಅಂತ ಮಾತ್ರ ಗೊತ್ತಾಗಲ್ಲ.”

ಕರ್ಮ ಎಂದುಕೊಂಡು ಮನೆಗೆ ಬಂದೆ.

ಮಾರ್ಚ್ 6, ಗುರುವಾರ

ತಿಂದ! ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು.

ಬೆಳಗ್ಗೆ ನೋಡಿದರೆ ಜುಟ್ಟಣ್ಣ ಹಳೆಯ ನವಣೆ ಬಟ್ಟಲಿನ ಮುಂದೆ ನಿಂತು ಕುಟುಕುಟು ಎಂದು ತಲೆ ಆಡಿಸುತ್ತಿದ್ದಾನೆ. ಜುಟ್ಟು ಸೆಟೆದು ನಿಂತಿದೆ. ಸುತ್ತ ಸಿಪ್ಪೆ, ಕಾಳು ಎಲ್ಲ ಚೆಲ್ಲಾಪಿಲ್ಲಿ. ಗಂಜಿಯ ಗೊಡವೆಯೇ ಬೇಡ ಎಂದು ನೇರವಾಗಿ ಕಾಳಿಗೇ ಕೈ ಹಾಕಿದ್ದಾನೆ ನನ್ನ ಗಂಡು. ಇವರಿಗೆ ಫೋನು ಸಿಕ್ಕಿತು, ಮೊದಲ ದಿನವೇ ಎಲ್ಲ ಹೇಳಿದ್ದೆನಲ್ಲ, ಇವತ್ತು ಇದನ್ನು ಹೇಳಿದೆ. “ನಿನ್ನ ಗದರಿಕೆಗೆ ಕೊಕ್ಕೂ ಬೆಳೀತು ಅನ್ನು” ಎಂದು ನಕ್ಕರು. ಗಡಿಬಿಡಿಯಲ್ಲಿ ತೂಕ ನೋಡಲಿಲ್ಲ. ನೋಡುವುದೇನು, ಕಣ್ಣಾರೆ ಕಂಡಿದ್ದೇನೆ.

ಮಾರ್ಚ್ 7, ಶುಕ್ರವಾರ

ಎಂಬತ್ತೆರಡು.

ತಕ್ಕಡಿ ಕೆಟ್ಟಿದೆ ಎಂದು ಅದರ ಮೇಲೆ ಸಕ್ಕರೆ ಪೊಟ್ಟಣ ಇಟ್ಟು ನೋಡಿದೆ. ತಕ್ಕಡಿ ಸರಿಯಾಗಿದೆ. ಡಾಕ್ಟರಮ್ಮನಿಗೆ ಫೋನು ಮಾಡಿದರೆ, “ನಾಟಕ ಅದು” ಎಂದರು. “ಕಾಯಿಲೆ ಬಿದ್ದ ಹಕ್ಕಿ ಚೆನ್ನಾಗಿದೀನಿ ಅಂತ ತೋರಿಸಿಕೊಳ್ಳುತ್ತೆ. ಇಲ್ದಿದ್ರೆ ಹದ್ದು ಗುರುತು ಹಿಡಿಯುತ್ತಲ್ಲ. ಕಾಳು ಎತ್ತುತ್ತೆ, ಬೀಳಿಸುತ್ತೆ. ಹೊಟ್ಟೆಗೆ ಒಂದೂ ಹೋಗಿರಲ್ಲ.”

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ಇವನನ್ನು ನೋಡಿಯೇ ಕಟ್ಟಿರಬೇಕು.

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ನನ್ನ ಶಿಷ್ಯರೆಲ್ಲ ಪರೀಕ್ಷೆಯ ದಿನ ಇದೇ ನಾಟಕ ಆಡುತ್ತಾರೆ. ಅಧಿಕಾರಿಗೆ ಕಾಣಲಿ ಎಂದು ಕನ್ನಡಿಯ ಕಡೆ ಕತ್ತು ತಿರುಗಿಸುತ್ತಾರೆ, ಕಣ್ಣು ಮಾತ್ರ ಕನ್ನಡಿಯೊಳಗೆ ಏನನ್ನೂ ನೋಡಿರುವುದಿಲ್ಲ. “ಕತ್ತು ತಿರುಗಿತು, ಹಿಂದೆ ಬಂದ ಗಾಡಿ ಯಾವ ಬಣ್ಣ ಹೇಳು?” ಎಂದು ಕೇಳಿ ಹಿಡಿದುಹಾಕುವವಳು ನಾನು. ನನ್ನ ಕಣ್ಣಿಗೆ ಯಾರೂ ಮಣ್ಣೆರಚಲಾರರು ಎಂಬ ಜಂಬ ಇತ್ತು. ಒಂದು ಹಿಡಿ ಗಾತ್ರದ ಹಕ್ಕಿ ಎರಚಿತು.

ಹೆದರಿದವರೇ ಚೆನ್ನಾಗಿ ನಾಟಕ ಆಡುವುದು. ಲೈಬ್ರರಿಯಮ್ಮನೂ ಇವತ್ತು ಕತ್ತು ಚೆನ್ನಾಗಿ ತಿರುಗಿಸಿದಳು.

ಮಾರ್ಚ್ 8, ಶನಿವಾರ

ಎಂಬತ್ತೊಂದೂವರೆ. ಗಂಜಿ ಮುಟ್ಟಿಲ್ಲ. ಮುಟ್ಟಿದಂತೆ ತೋರಿದ್ದು ಅವನ ಎದೆಗೆ ಅಂಟಿತ್ತು.

ಇವರು ಫೋನು ಮಾಡಿದಾಗ ಅಳು ಬಂತು. ಅತ್ತುಬಿಟ್ಟೆ. ಅವರ ಹಿಂದೆ ಎಂಜಿನ್ ಗುಡುಗುತ್ತಿತ್ತು.

“ಅವನನ್ನ ನಿಮ್ಮ ಹತ್ತಿರ ಬರೋ ಹಾಗೆ ಹೇಗೆ ಮಾಡಿದ್ರಿ?” ಎಂದು ಕೇಳಿದೆ.

“ನಾನೇನೂ ಮಾಡ್ಲಿಲ್ಲ. ಪಕ್ಕದಲ್ಲಿ ಕೂತು ಪೇಪರ್ ಓದ್ತಿದ್ದೆ. ಅವನ ಕಡೆ ನೋಡ್ತಾನೂ ಇರ್ಲಿಲ್ಲ. ಒಂದಿನ ಬಂದು ಪೇಪರಿನ ಅಂಚು ಕಡಿದ. ಅಷ್ಟೆ.”

“ನಂಗೆ ಅಷ್ಟು ಪುರುಸೊತ್ತಿಲ್ಲ. ನಾಡಿದ್ದು ಎಂಬತ್ತರ ಕೆಳಗೆ ಹೋಗ್ತಾನೆ.”

“ಗೊತ್ತು” ಎಂದರು. “ಅದಕ್ಕೇ ಹೇಳ್ತಿರೋದು. ಅವನ ಕಡೆ ನೋಡ್ಬೇಡ.”

ಬೇರೆಯವರಾಗಿದ್ದರೆ ಹಕ್ಕಿ ಸಾಯಿಸಿದೆಯಲ್ಲೇ ಎಂದು ರೇಗುತ್ತಿದ್ದರು. ಇವರು ರೇಗಿದ್ದರೆ ನನಗೂ ತಿರುಗಿ ರೇಗಲು ಒಂದು ನೆಪ ಸಿಗುತ್ತಿತ್ತು.

ಮನೆಯಲ್ಲಿ ಪೇಪರ್ ಇರಲಿಲ್ಲ. ಸಂಚಾರ ನಿಯಮಗಳ ಪುಸ್ತಕ ತಂದು ಪಂಜರದ ಪಕ್ಕ ನೆಲದ ಮೇಲೆ ಕೂತೆ. ಪಂಜರದ ಬಾಗಿಲು ತೆರೆದಿಟ್ಟೆ. ಶೂ ಬಿಚ್ಚಿಟ್ಟೆ, ಕಾಲು ಮತ್ತೆ ಏನಾದರೂ ಒತ್ತಿದರೆ ಎಂದು. ‘ವೃತ್ತದೊಳಗೆ ಈಗಾಗಲೇ ಇರುವ ವಾಹನಕ್ಕೆ ದಾರಿ ಬಿಡತಕ್ಕದ್ದು.’ ಕಂಠಪಾಠವಾಗಿರುವ ಸಾಲು. ಓದಿದೆ. ಅವನು ಬುಸುಗುಡಲಿಲ್ಲ, ಅಷ್ಟು ಬಿಟ್ಟರೆ ಏನೂ ಆಗಲಿಲ್ಲ.

ಮಾರ್ಚ್ 9, ಭಾನುವಾರ

ಸರಿಯಾಗಿ ಎಂಬತ್ತು. ಡಾಕ್ಟರಮ್ಮ ನಾಳೆ ಸಂಜೆಯವರೆಗೆ ನೋಡಿ ಎಂದಿದ್ದಾರೆ. ಆಮೇಲೆ ನಳಿಕೆ.

ಬರೆಯಲು ಮನಸ್ಸಿಲ್ಲ.

ಮಾರ್ಚ್ 10, ಸೋಮವಾರ

ಇವತ್ತಿನದನ್ನು ಬಿಡದೆ ಬರೆಯುತ್ತೇನೆ.

ಓನರಿಗೆ ಫೋನು ಮಾಡಿ ಇವತ್ತು ಬರುವುದಿಲ್ಲ ಎಂದೆ. “ಯಾಕೆ, ಹುಷಾರಿಲ್ವಾ?” ಎಂದರು. “ನನಗಲ್ಲ, ಮನೆಯವನಿಗೆ” ಎಂದೆ. ಇವರು ಊರಲ್ಲಿಲ್ಲ ಎಂದು ಗೊತ್ತಿರುವ ಓನರ್ ಗಲಿಬಿಲಿಯಾಗಿ ಫೋನಿಟ್ಟರು.

ಗಂಜಿ ಕಲಸಿ, ಎರಡು ಚಮಚೆ ತೆಗೆದುಕೊಂಡು ನೆಲದ ಮೇಲೆ ಕೂತೆ. ಒಂದನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡೆ. ಪುಸ್ತಕ ತೆರೆದು ವಾಹನ ನಿಲುಗಡೆಯ ಅಧ್ಯಾಯ ಓದತೊಡಗಿದೆ. ನಿನ್ನೆ ಮೊನ್ನೆಯಿಂದ ಓದಿ ಓದಿ ಗಂಟಲು ಕಟ್ಟಿ, ದನಿ ಎನ್ನುವುದು ಗಾಳಿಯಷ್ಟೇ ಉಳಿದಿತ್ತು. ಅವನು ಪಂಜರದ ಬಾಗಿಲಿಗೆ ಬಂದು ಕೂತ. ನಾನು ನೋಡಲಿಲ್ಲ. ಕಣ್ಣಂಚಿನಲ್ಲಿ ಕಾಣುವುದನ್ನು ನೋಡುವುದು ಎನ್ನುವುದಿಲ್ಲವಲ್ಲ.

ಗಂಜಿ ತಣ್ಣಗಾಯಿತು. ಎದ್ದು ಬಿಸಿ ಮಾಡಿ ತಂದೆ, ಅಷ್ಟಕ್ಕೇ ಅವನು ಒಳಗೋಡಿ, ಮತ್ತೆ ಬಾಗಿಲಿಗೆ ಬರಲು ಬಹಳ ಹೊತ್ತು ಹಿಡಿಯಿತು. ಮತ್ತೆ ತಣ್ಣಗಾಯಿತು. ಮಧ್ಯಾಹ್ನ ಕಳೆಯಿತು. ನನಗೆ ಹೊಟ್ಟೆ ಹಸಿದು, ಎದ್ದರೆ ಅವನು ಮತ್ತೆ ಒಳಗೋಡುತ್ತಾನೆಂದು ಏಳಲೂ ಆಗದೆ, ಕೈಲಾಗದವನು ಮೈ ಪರಚಿಕೊಂಡ ಎಂಬಂತೆ ಎರಡನೇ ಚಮಚೆಯ ಗಂಜಿಯನ್ನು ನಾನೇ ಬಾಯಿಗೆ ಹಾಕಿಕೊಂಡೆ.

ಅದರ ರುಚಿಯನ್ನು ಬರೆಯುವುದು ಬೇಡ. ಸುಣ್ಣದ ಗೋಡೆ ನೆಕ್ಕಿದಂತಿತ್ತು.

ನಾನು ನುಂಗಿದ ಕೂಡಲೇ ಅವನ ಜುಟ್ಟು ಎದ್ದಿತು. ತಲೆ ಓರೆ ಮಾಡಿ ನನ್ನ ಬಾಯಿಯನ್ನೇ ನೋಡಿದ. ಓಹೋ ಎಂದುಕೊಂಡು ಇನ್ನೊಂದು ಚಮಚೆ ತಿಂದೆ. ಸ್ವಲ್ಪ ಚಪ್ಪರಿಸಿದೆ ಕೂಡ. ಅವನು ನನ್ನ ಮುಂದೆ ನಾಟಕ ಆಡಿದ್ದನಲ್ಲ, ಈಗ ನಾನು. ಒಂದೇ ವ್ಯತ್ಯಾಸ, ನಾನು ನಿಜವಾಗಿ ನುಂಗಬೇಕಾಗಿತ್ತು.

ಮೂರನೆಯ ಚಮಚೆಗೆ ನೆಲಕ್ಕೆ ಇಳಿದ. ಐದನೆಯದಕ್ಕೆ ನನ್ನ ಪಾದದ ಹತ್ತಿರ ಬಂದ. ಕಾಲು ಕಲ್ಲಾಗಲಿ ದೇವರೇ ಎಂದುಕೊಂಡೆ. ಅವನಿಗೋ ನನಗೋ ಗೊತ್ತಿಲ್ಲ, “ಅವಸರ ಇಲ್ಲ, ಅವಸರ ಇಲ್ಲ” ಎನ್ನುತ್ತಾ ಇದ್ದೆ. ಆ ಕಟ್ಟಿದ ಗಂಟಲಲ್ಲಿ ಅದಕ್ಕಿಂತ ಉದ್ದದ ಮಾತು ಬರುತ್ತಲೂ ಇರಲಿಲ್ಲ. ಅವನು ನನ್ನ ಪಾದ ಹತ್ತಿದ, ಮೊಣಕಾಲು ಹತ್ತಿದ, ಚಮಚೆಯನ್ನು ನೋಡಿದ, ನನ್ನನ್ನು ನೋಡಿದ, ಮೊಂಡು ಕೊಕ್ಕನ್ನು ಗಂಜಿಯೊಳಗೆ ಅದ್ದಿ ತಲೆ ಎತ್ತಿ ನುಂಗಿದ.

ನುಂಗಿದ್ದನ್ನು ನೋಡಿದೆ. ಗಂಟಲು ಅಲುಗಿದ್ದನ್ನು ನೋಡಿದೆ. ಈ ಸಲ ನಾಟಕವಲ್ಲ. ಪೂರ್ತಿ ಚಮಚೆ ಖಾಲಿಯಾಯಿತು. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತುವ ಹಾಗಿಲ್ಲ. ಸುರಿಯಲಿ ಎಂದು ಬಿಟ್ಟೆ.

ಸಂಜೆ ತೂಕ ಎಂಬತ್ತೆರಡು. ಹೊಟ್ಟೆಯೊಳಗಿನ ಗಂಜಿಯದೇ ತೂಕ ಎಂದು ಡಾಕ್ಟರಮ್ಮ ಅಂದರು. ಇರಲಿ. ಗಂಜಿ ಹೊಟ್ಟೆಯೊಳಗೆ ಇದೆಯಲ್ಲ. ನಳಿಕೆಯ ಮಾತು ಅವರೇ ಎತ್ತಲಿಲ್ಲ.

ಮಾರ್ಚ್ 12, ಬುಧವಾರ

ಬೆಳಗ್ಗೆ ಬರಿಹೊಟ್ಟೆಯಲ್ಲಿ ಎಂಬತ್ತೆರಡು. ದಿನಕ್ಕೆ ನಾಲ್ಕು ಸಲ ನಾವಿಬ್ಬರೂ ಕೂತು ಊಟ ಮಾಡುತ್ತೇವೆ. ಅವನಿಗೆ ಅವನ ಗಂಜಿ, ನನಗೆ ಮೊಸರನ್ನ. ನಾನು ಬಾಯಿ ಆಡಿಸಿದರೆ ಸಾಕು, ತಟ್ಟೆಯಲ್ಲಿ ಏನಿದೆ ಎಂದು ಅವನು ತಲೆ ಕೆಡಿಸಿಕೊಳ್ಳುವುದಿಲ್ಲ ಎಂದು ಕಂಡುಕೊಂಡಿದ್ದೇನೆ. ದೇವರು ದೊಡ್ಡವನು.

ಲೈಬ್ರರಿಯಮ್ಮ ಇವತ್ತು ದೊಡ್ಡ ವೃತ್ತ ದಾಟಿದಳು. ನನಗೆ ಗಂಟಲು ಇನ್ನೂ ಸರಿಯಾಗಿಲ್ಲ, ಕಿರುಚಲು ಆಗಲಿಲ್ಲ. ವೃತ್ತದ ಬಾಯಲ್ಲಿ ಗಾಡಿ ನಿಂತಾಗ “ಅವಸರ ಇಲ್ಲ” ಎಂದು ಎರಡು ಸಲ ಅಂದೆ. ಹಿಂದಿನವನು ಹಾರ್ನ್ ಬಾರಿಸಿದ, ಬಾರಿಸಲಿ. ಆಕೆ ಒಳಗಿನ ಗಾಡಿಗಳನ್ನು ನೋಡಿ, ಸಂದು ಸಿಕ್ಕಾಗ ನುಗ್ಗಿ, ಸರಿಯಾದ ದಾರಿಗೆ ಹೊರಳಿದಳು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ನಾಳೆ ಗಂಟಲು ಸರಿಯಾದರೆ ಗೇರಿನ ಬಗ್ಗೆ ಎರಡು ಮಾತು ಜೋರಾಗಿಯೇ ಹೇಳಬೇಕು.

ಮಾರ್ಚ್ 19, ಬುಧವಾರ

ಎಂಬತ್ತೈದು. ಡಾಕ್ಟರಮ್ಮ ಭೂತಕನ್ನಡಿಯಲ್ಲಿ ನೋಡಿ, “ಬರ್ತಾ ಇದೆ ನೋಡಿ” ಎಂದರು. ಮುರಿದ ಕಡೆ ತೆಳ್ಳನೆಯ ಹೊಸ ಅಂಚು. ನಯ ಮಾಡಲು ಕೈ ಹಾಕಿದಾಗ ಅವನು ಅವರ ಬೆರಳು ಕಚ್ಚಿದ. ನೋವಾಗುವಷ್ಟು ಕಚ್ಚಲಿಲ್ಲ, ಕಚ್ಚಿದ್ದು ಮಾತ್ರ ಹೌದು.

“ಕಚ್ಚಿದ್ರೆ ಬೈಯ್ಬೇಕು” ಎಂದೆ.

“ಇವತ್ತು ಬೇಡಿ” ಎಂದರು ಡಾಕ್ಟರಮ್ಮ. “ಇವತ್ತು ಕಚ್ಚಿದ್ದಕ್ಕೆ ನಾನೇ ಅವನಿಗೆ ಸಿಹಿ ಹಂಚ್ಬೇಕು.”

ಮನೆಗೆ ಬಂದು ಕಿತ್ತಳೆ ಜಾಕೆಟ್ಟನ್ನು ಕುರ್ಚಿಯ ಬೆನ್ನಿಗೆ ಹಾಕಿ, ನಡುಮನೆಯ ಆ ತುದಿಯಲ್ಲಿ ಇಟ್ಟೆ. ದಿನಾ ಒಂದೊಂದು ಹೆಜ್ಜೆ ಹತ್ತಿರ ಸರಿಸುವುದು. ಹೊಸ ಶಿಷ್ಯರನ್ನು ಮೊದಲು ಖಾಲಿ ಮೈದಾನ, ಆಮೇಲೆ ಓಣಿ, ಆಮೇಲೆ ಹೆದ್ದಾರಿ ಎಂದು ಕರೆದೊಯ್ಯುವುದಿಲ್ಲವೇ? ಇವನನ್ನು ನಾನು ಮೊದಲ ದಿನವೇ ಹೆದ್ದಾರಿಗೆ ನೂಕಿದ್ದೆ.

ಮಾರ್ಚ್ 27, ಗುರುವಾರ

ಬೆಳಗ್ಗೆ ಕೆಳಗೆ ಕಸದ ಲಾರಿಯವರು ಡಬ್ಬ ಕೆಡವಿದರು. ಕಟ್ಟಡವೇ ಅದುರಿತು. ಜುಟ್ಟಣ್ಣ ಗೂಟದಿಂದ ಎದ್ದು, ಸೂರಿಗೆ ಬಡಿದು, ಕಿಟಕಿಯ ಕಡೆಗೇ ಹೊರಟ. ಅದೇ ಕಿಟಕಿ, ಅದೇ ಚೌಕಟ್ಟು. ನಾನು ಚಹಾ ಲೋಟ ಹಿಡಿದು ಊಟದ ಮೇಜಿನ ಬಳಿ ನಿಂತಿದ್ದೆ. ನಿಂತೇ ಇದ್ದೆ. “ಅವಸರ ಇಲ್ಲ” ಎಂದೆ.

ಅವನು ಗಾಳಿಯಲ್ಲೇ ತಿರುಗಿ ಬಂದು ನನ್ನ ಹೆಗಲ ಮೇಲೆ ಕೂತ. ಹೆಗಲ ಮೇಲೆ, ಮೊದಲ ಸಲ. ಅವನ ಎದೆ ನನ್ನ ಕಿವಿಗೆ ಬಡಿಯುತ್ತಿತ್ತು. ನಾನು ಏನೂ ಮಾಡಲಿಲ್ಲ, ಅವನೇ ಬಂದ. ಅವನಿಗೂ ಸ್ವಲ್ಪ ಬುದ್ಧಿ ಬಂದಿರಬೇಕು.

ಕಾಲ ಕೆಳಗೆ ಬಿಸಿ ಚಹಾ ಚೆಲ್ಲಿತ್ತು. ಅವನು ಇಳಿದ ಮೇಲೆ ಒರೆಸಿದೆ.

ಏಪ್ರಿಲ್ 3, ಗುರುವಾರ

ಟಿಕ್.

ಅಡುಗೆಮನೆಯಲ್ಲಿದ್ದೆ. ಎಂಜಿನ್ನಿನ ಸದ್ದಿನಲ್ಲೇ ಯಾವ ಗೇರು ಎಂದು ಹೇಳುವ ಕಿವಿ ನನ್ನದು, ಈ ಸದ್ದು ತಪ್ಪುತ್ತದೆಯೇ? ಹೋಗಿ ನೋಡಿದರೆ ಅವನ ಕಾಲಲ್ಲಿ ಒಂದು ಸೂರ್ಯಕಾಂತಿ ಬೀಜ, ಕೊಕ್ಕಲ್ಲಿ ಅದರ ಸಿಪ್ಪೆ. ಸಿಪ್ಪೆ ಕೆಳಗೆ ಬಿತ್ತು. ಒಳಗಿನ ತಿರುಳು ಮೇಲೆ ಹೋಯಿತು. ನಾನು ಬಗ್ಗಿ ಸಿಪ್ಪೆ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಖಾಲಿ. ಒಳಗೆ ಚೂರೂ ಇಲ್ಲ. ಮತ್ತೆ ಟಿಕ್.

ಅವನು ಒಡೆಯುತ್ತಲೇ ಹೋದ, ನಾನು ಖಾಲಿ ಸಿಪ್ಪೆಗಳನ್ನು ಎತ್ತಿ ಎತ್ತಿ ನೋಡುತ್ತಲೇ ಹೋದೆ. ಪಕ್ಕದ ಮನೆಯಾಕೆ ಉಪ್ಪು ಕೇಳಲು ಬಂದವಳು ನೆಲದ ಮೇಲೆ ಕೂತು ಸಿಪ್ಪೆ ಹಿಡಿದು ನಗುತ್ತಿದ್ದ ನನ್ನನ್ನು ನೋಡಿ ಉಪ್ಪು ಕೇಳದೆಯೇ ಹೋದಳು. ಆಮೇಲೆ ನಾನೇ ಕೊಟ್ಟು ಬಂದೆ.

ಏಪ್ರಿಲ್ 10, ಗುರುವಾರ

ಲೈಬ್ರರಿಯಮ್ಮನ ಪರೀಕ್ಷೆ. ಅಧಿಕಾರಿ ಅದೇ ಹಳೆಯ ಮನುಷ್ಯ, ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುವ, ನಗು ಎಂದರೇನು ಎಂದು ಕೇಳುವ ಆಸಾಮಿ. ಪರೀಕ್ಷೆಯಲ್ಲಿ ನಾನು ಕಾರಿನೊಳಗೆ ಕೂರುವ ಹಾಗಿಲ್ಲ. ವೃತ್ತದ ಪಕ್ಕ ಫುಟ್‌ಪಾತಿನ ಮೇಲೆ ನಿಂತೆ. ಪ್ರತಿ ಸಲ ಹೀಗೆ ನಿಂತಾಗ ನನ್ನ ಬಲಗಾಲು ನೆಲ ಕುಟ್ಟಿ ಕುಟ್ಟಿ ಸಂಜೆಗೆ ಮಂಡಿ ನೋಯುತ್ತದೆ. ಇವತ್ತು ನೋಯುತ್ತಿಲ್ಲ, ಹೊಸ ಚಪ್ಪಲಿ ಒಳ್ಳೆಯದಿರಬೇಕು.

ಕಾರು ವೃತ್ತದ ಬಾಯಿಗೆ ಬಂದು ನಿಂತಿತು. ಬಹಳ ಹೊತ್ತು ನಿಂತಿತು. ಹಿಂದೆ ಹಾರ್ನುಗಳ ಮೇಳ. ಮುಗಿಯಿತು, ಕಣ್ಣು ಮುಚ್ಚಿದಳು ಎಂದುಕೊಂಡೆ. ಆಮೇಲೆ ಕಾರು ಹೊರಟಿತು. ವೃತ್ತವನ್ನು ಗುಂಡಗೆ ಸುತ್ತಿ, ಇಂಡಿಕೇಟರ್ ಹಾಕಿ, ನನ್ನ ಮುಂದೆಯೇ ನೀರು ಹರಿದಂತೆ ಹರಿದುಹೋಯಿತು. ಆಕೆ ನನ್ನ ಕಡೆ ತಿರುಗಲಿಲ್ಲ, ಕನ್ನಡಿ ನೋಡಿದಳು. ನಿಜವಾಗಿ ನೋಡಿದಳು.

ಪಾಸು. ಮೂರನೆಯ ಸಲಕ್ಕೆ, ಕಪ್ಪು ಚುಕ್ಕೆಯಿಲ್ಲದ ಪಾಸು.

ಇಳಿದವಳು ನನ್ನ ಎರಡೂ ಕೈ ಹಿಡಿದುಕೊಂಡಳು. “ವೃತ್ತದ ಹತ್ರ ಒಂದು ಎಡವಟ್ಟಾಯ್ತು” ಎಂದಳು. “ಮನಸ್ಸಲ್ಲಿ ಹೇಳ್ಕೋಬೇಕು ಅಂದ್ಕೊಂಡಿದ್ದು ಬಾಯಿಗೇ ಬಂದ್ಬಿಡ್ತು.”

“ಏನು?”

“ಅವಸರ ಇಲ್ಲ, ಅಂತ. ಜೋರಾಗಿ. ಅವರು ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ನೋಡಿದ್ರು. ಆಮೇಲೆ, ಸರಿ ಕಣಮ್ಮ, ನನಗೂ ಅವಸರ ಇಲ್ಲ, ಅಂದ್ರು.”

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಈಕೆ ಇಷ್ಟು ಧೈರ್ಯವಂತೆ ಎಂದು ನನಗೆ ಮೊದಲೇ ಅನ್ನಿಸಿತ್ತು. ಹೀಗೆ ತಾಳ್ಮೆ ಇರುವವರಿಗೆ ಪಾಠ ಹೇಳುವುದು ಸುಲಭ.

ಏಪ್ರಿಲ್ 18, ಶುಕ್ರವಾರ

ಬೀದಿಯಲ್ಲಿ ದೊಡ್ಡ ಹಾರ್ನ್. ಕಿಟಕಿಯಿಂದ ನೋಡಿದರೆ ಲೈಬ್ರರಿಯ ವ್ಯಾನು, ತೊಳೆದು ಮಿರಮಿರ ಮಿಂಚುತ್ತಿದೆ, ಸ್ಟಿಯರಿಂಗ್ ಹಿಂದೆ ನಮ್ಮ ಪಿಸುಮಾತಿನವಳು. ಮಕ್ಕಳು ಆಗಲೇ ಮೆಟ್ಟಿಲ ಬಳಿ ಸಾಲು ನಿಂತಿದ್ದವು. ನಾನು ಮೇಲಿನಿಂದಲೇ ಚಪ್ಪಾಳೆ ತಟ್ಟಿದೆ. ಜುಟ್ಟಣ್ಣ ಚಪ್ಪಾಳೆಗೆ ಬೆದರಿ ಜುಟ್ಟು ಎತ್ತಿದ, ಹೆಗಲು ಬಿಟ್ಟು ಹಾರಲಿಲ್ಲ.

ಆಕೆ ಮೇಲೆ ಬಂದು ಅರ್ಧ ಗಂಟೆ ಕೂತು ಚಹಾ ಕುಡಿದು ಹೋದಳು. ಓದಲು ಒಂದು ಪತ್ತೇದಾರಿ ಕಾದಂಬರಿ ಕೊಟ್ಟಿದ್ದಾಳೆ, ಸಂಚಾರ ನಿಯಮಗಳಿಗಿಂತ ಹಕ್ಕಿಗೆ ಹಿಡಿಸೀತಂತೆ. ಜುಟ್ಟಣ್ಣ ಆಕೆಯ ಮಾತನ್ನು ತಲೆ ಓರೆ ಮಾಡಿ ಕೇಳುತ್ತಿದ್ದ. ಕಿತ್ತಳೆ ಜಾಕೆಟ್ಟಿನ ಕುರ್ಚಿ ಈಗ ಪಂಜರದ ಪಕ್ಕದಲ್ಲೇ ಇದೆ. ಅದರ ಕಾಲರಿನ ಮೇಲೆ ಅವನು ಕೂರುತ್ತಾನೆ. ಬೆನ್ನಿನ ದಪ್ಪ ಅಕ್ಷರದ ಮೇಲೆ ಅವನ ಗುರುತುಗಳೂ ಬಿದ್ದಿವೆ, ತೊಳೆಯಬೇಕು.

ಏಪ್ರಿಲ್ 27, ಭಾನುವಾರ

ಇವರು ಬಂದರು. ಎಂಜಿನ್ ಎಣ್ಣೆಯ ವಾಸನೆ, ಗಡ್ಡ, ಎರಡು ಭಾರದ ಚೀಲ. ಬಾಗಿಲಲ್ಲೇ ನಿಂತು ಮೂರು ಸ್ವರದ ಆ ಸಿಳ್ಳೆ ಹಾಕಿದರು. ಜುಟ್ಟಣ್ಣ ಪಂಜರದಿಂದ ಬಾಣದಂತೆ ಹಾರಿ ಅವರ ತಲೆಯ ಮೇಲೆ ಕೂತು, ಅದೇ ಮೂರು ಸ್ವರ ತಿರುಗಿಸಿ ಹಾಕಿದ. ಎರಡು ತಿಂಗಳ ಮೇಲೆ. ಇವರು ಅವನನ್ನು ಬೆರಳ ಮೇಲೆ ಇಳಿಸಿಕೊಂಡು ಕೊಕ್ಕನ್ನು ಬೆಳಕಿಗೆ ತಿರುಗಿಸಿ ನೋಡಿದರು. ತುದಿ ಪೂರ್ತಿಯಾಗಿ ಬಂದಿದೆ, ಸ್ವಲ್ಪ ಓರೆ ಅಷ್ಟೆ. ಇವರ ಕಣ್ಣು ತುಂಬಿತು. ನನಗೆ ಒಂದು ಚಿಟಿಕೆ ಹೊಟ್ಟೆಕಿಚ್ಚಾದದ್ದೂ ನಿಜ.

“ಏನು, ಮನೆ ಇಷ್ಟು ತಣ್ಣಗಿದೆ?” ಎಂದು ಇವರು ಸುತ್ತ ನೋಡಿದರು. “ನಿನಗೆ ಹುಷಾರಿದೆ ತಾನೇ?”

“ನನಗೇನಾಗಿದೆ?” ಎಂದೆ.

ಆಮೇಲೆ ಚೀಲ ಬಿಚ್ಚುವ ಗಡಿಬಿಡಿ. ನನಗೆ ತಂದದ್ದನ್ನು ತೋರಿಸುವ ಆತುರದಲ್ಲಿ ಇವರು ಜಿಪ್ಪನ್ನು ಜಗ್ಗಿದರು, ಅದು ಸಿಕ್ಕಿಕೊಂಡಿತು, ಇನ್ನೂ ಜಗ್ಗಿದರು, ಒಳಗಿದ್ದ ಸ್ಟೀಲ್ ಫ್ಲಾಸ್ಕು ನೆಲಕ್ಕೆ ಉರುಳಿ ಢಣಢಣ ಎಂದಿತು. ಜುಟ್ಟಣ್ಣ ಎದ್ದ. ಇವರು ಗಾಬರಿಯಾಗಿ ಕೈ ಚಾಚಿದರು. ಅವನು ನಡುಮನೆಯನ್ನು ಒಂದು ಸುತ್ತು ಸುತ್ತಿ ನನ್ನ ಹೆಗಲಿಗೆ ಬಂದು ಕೂತ. ರೆಕ್ಕೆ ಮಡಚಿದ. ಆಮೇಲೆ ಮಾತಾಡಿದ.

“ಅವಸರ ಇಲ್ಲ” ಎಂದ.

ಸ್ಪಷ್ಟವಾಗಿ, ಯಾರೋ ಹೆಂಗಸಿನ ದನಿಯಲ್ಲಿ. ಮೆತ್ತಗೆ, ಪಕ್ಕದಲ್ಲಿ ಕೂತು ಹೇಳಿದ ಹಾಗೆ. ಇವರು ಬಗ್ಗಿದ್ದವರು ಹಾಗೆಯೇ ನಿಂತುಬಿಟ್ಟರು.

“ನೀನು ಹೇಳಿದ್ದಾ?” ಎಂದರು.

“ನಾನೆಲ್ಲಿ ಬಾಯಿ ಬಿಟ್ಟೆ? ಅವನು.”

“ಅವನಂತೂ ಹೌದು. ದನಿ?”

ನಾನು ಯೋಚಿಸಿದೆ. ಮನೆಗೆ ಬಂದ ಹೆಂಗಸರು ಎಂದರೆ ಲೈಬ್ರರಿಯಮ್ಮ ಒಬ್ಬಳೇ, ಅದೂ ಅರ್ಧ ಗಂಟೆ. ಪಕ್ಕದ ಮನೆಯಾಕೆಗೆ ಇಷ್ಟು ಹಿತವಾದ ದನಿ ಇಲ್ಲ. “ಲೈಬ್ರರಿಯಮ್ಮನದೇ ಇರ್ಬೇಕು” ಎಂದೆ. “ತುಂಬಾ ತಾಳ್ಮೆಯವಳು ಆಕೆ.”

ಇವರು ನನ್ನ ಮುಖವನ್ನೇ ನೋಡುತ್ತಾ ನೆಲದ ಮೇಲೆ ಕೂತರು. ನಗುತ್ತಿದ್ದರು, ಕಣ್ಣಲ್ಲಿ ಮತ್ತೆ ನೀರಿತ್ತು. ಹಡಗಿನಿಂದ ಇಳಿದ ಹೊಸತರಲ್ಲಿ ಇವರು ಯಾವಾಗಲೂ ಹೀಗೆಯೇ.

ತೂಕ ತೊಂಬತ್ತು. ಇನ್ನು ಬರೆಯಬೇಕಾಗಿಲ್ಲ ಎಂದಿದ್ದಾರೆ ಡಾಕ್ಟರಮ್ಮ, ಹಾಗಾಗಿ ಇದೇ ಕೊನೆ. ಪಕ್ಕದಲ್ಲಿ ಅವನು ಬೀಜ ಒಡೆಯುತ್ತಿದ್ದಾನೆ, ಟಿಕ್, ಟಿಕ್. ನಡುನಡುವೆ ಆ ಹೆಂಗಸಿನ ದನಿಯಲ್ಲಿ ಅವಸರ ಇಲ್ಲ ಎನ್ನುತ್ತಾನೆ. ‘ಬ್ರೇಕ್’ ಮರೆತೇಬಿಟ್ಟಿದ್ದಾನೆ. ಯಾರಿಂದ ಕಲಿತನೋ ಕಾಣೆ. ಯಾರೇ ಆಗಲಿ, ಇಂಥ ದನಿಯವರು ಮನೆಯಲ್ಲಿದ್ದರೆ ಚೆನ್ನ ಎನ್ನಿಸುತ್ತದೆ.